ನ್ಯೂಕ್ಲಿಯಸ್ ಒಳಗಿನ ಬಲಕ್ಕೆ ಒಂದೇ ಸೂತ್ರ ಯಾಕಿಲ್ಲ?

ಗುರುತ್ವಕ್ಕೆ ಒಂದು ಸೂತ್ರ, ವಿದ್ಯುತ್ ಬಲಕ್ಕೆ ಒಂದು ಸೂತ್ರ, ಪ್ರೋಟಾನ್ ನ್ಯೂಟ್ರಾನ್‌ಗಳ ನಡುವಿನ ಬಲಕ್ಕೆ ಮಾತ್ರ ಹತ್ತಾರು ಮಾಡೆಲ್ ಯಾಕೆ, ಅದರಲ್ಲಿ ನಿಜವಾದದ್ದು ಯಾವುದು ಅಂತ ಕೇಳಿದ್ದೀರಿ. ನಾನು ನ್ಯೂಕ್ಲಿಯರ್ ಫಿಸಿಕ್ಸ್ ಪಾಠ ಮಾಡುವವನು, ಪ್ರತಿ ಬ್ಯಾಚಿನಲ್ಲೂ ಒಬ್ಬರಾದರೂ ಇದನ್ನೇ ಕೇಳುತ್ತಾರೆ. ನಿಜವಾದದ್ದು ಅಂತ ಒಂದು ಇಲ್ಲ. ಯಾಕಂದರೆ ಇದು ಮೂಲ ಬಲವೇ ಅಲ್ಲ. ಮೂಲದಲ್ಲಿ ಇರುವುದು ಪ್ರೋಟಾನ್ ನ್ಯೂಟ್ರಾನ್‌ಗಳನ್ನು ಕಟ್ಟುವ ಕ್ವಾರ್ಕ್ ಮತ್ತು ಅವನ್ನು ಹಿಡಿದಿಡುವ ಗ್ಲೂಆನ್. ಅವು ಪ್ರೋಟಾನಿನ ಒಳಗೇ ಕಟ್ಟುಬಿದ್ದಿರುತ್ತವೆ, ಹೊರಗೆ ಸೋರಿದ ಚೂರುಪಾರು ನಮಗೆ ನ್ಯೂಕ್ಲಿಯರ್ ಬಲವಾಗಿ ಕಾಣುತ್ತದೆ. ಅಣುಗಳ ಒಳಗಿನ ವಿದ್ಯುತ್ ಬಲದಲ್ಲಿ ಹೊರಗೆ ಉಳಿದ ಚೂರೇ ಅಣುಗಳ ನಡುವಿನ ವಾನ್ ಡರ್ ವಾಲ್ಸ್ ಬಲ, ಇಲ್ಲಿಯ ಸ್ಥಿತಿಯೂ ಸುಮಾರಾಗಿ ಅದೇ.

ಶುರು ಏನೋ ಚೆನ್ನಾಗಿಯೇ ಆಗಿತ್ತು. ತೂಕ ಇರುವ ಒಂದು ಕಣವನ್ನು ಪ್ರೋಟಾನ್ ನ್ಯೂಟ್ರಾನ್‌ಗಳು ಪರಸ್ಪರ ಕೊಟ್ಟು ತೆಗೆದುಕೊಳ್ಳುವುದರಿಂದ ಈ ಬಲ ಹುಟ್ಟುತ್ತದೆ, ಕಣಕ್ಕೆ ತೂಕ ಇರುವುದರಿಂದಲೇ ಬಲ ದೂರ ಹೋಗುವುದಿಲ್ಲ ಅಂತ 1935ರಲ್ಲಿ ಜಪಾನಿನ ಹಿಡೆಕಿ ಯುಕಾವಾ ಹೇಳಿದರು. ಲೆಕ್ಕ ನೀವೇ ಮಾಡಬಹುದು. ಕಣದ ರಾಶಿಯನ್ನು ಎಂಇವಿಯಲ್ಲಿ (ಹತ್ತು ಲಕ್ಷ ಎಲೆಕ್ಟ್ರಾನ್ ವೋಲ್ಟ್) ಬರೆದು, 197ನ್ನು (ಇದೊಂದು ಸ್ಥಿರಾಂಕ) ಅದರಿಂದ ಭಾಗಿಸಿ. ಯುಕಾವಾ ಹೇಳಿದ ಕಣಕ್ಕೆ ಈಗ ಪಯಾನ್ ಅನ್ನುತ್ತಾರೆ, ಅದರ ರಾಶಿ ಸುಮಾರು 140, ಹಾಗಾಗಿ ಬಲದ ವ್ಯಾಪ್ತಿ 1.4 ಫರ್ಮಿ. ಒಂದು ಫರ್ಮಿ ಅಂದರೆ ಮಿಲಿಮೀಟರಿನ ಒಂದು ಲಕ್ಷ ಕೋಟಿಯಲ್ಲಿ ಒಂದು ಪಾಲು. 1947ರಲ್ಲಿ ಕಾಸ್ಮಿಕ್ ಕಿರಣಗಳಲ್ಲಿ ಪಯಾನ್ ಸಿಕ್ಕಿತು, 1949ರಲ್ಲಿ ಯುಕಾವಾಗೆ ನೊಬೆಲ್ ಬಂತು. ಕಥೆ ಅಲ್ಲಿಗೆ ಮುಗಿಯಬೇಕಿತ್ತು ಅಲ್ವಾ? ಮುಗಿಯಲಿಲ್ಲ.

ಯಾಕೆ ಅಂತ ನೋಡಲು ಡ್ಯೂಟರಾನ್ ಒಂದೇ ಸಾಕು. ಒಂದು ಪ್ರೋಟಾನ್, ಒಂದು ನ್ಯೂಟ್ರಾನ್, ಅಷ್ಟೇ. ಬಿಡಿಸಲು 2.22 ಎಂಇವಿ ಬೇಕು. ಸುಮ್ನೆ ಈ ಎಳೆತವನ್ನು 2.1 ಫರ್ಮಿ ಅಗಲದ ಶಕ್ತಿಯ ಗುಂಡಿ ಅಂತ ಇಟ್ಟುಕೊಂಡು ಶ್ರೋಡಿಂಗರ್ ಸಮೀಕರಣ (ಕ್ವಾಂಟಮ್ ಕಣಗಳ ನಡೆಯನ್ನು ಹೇಳುವ ಸಮೀಕರಣ) ಬಿಡಿಸಿ ನೋಡಿ, ಗುಂಡಿಯ ಆಳ ಸುಮಾರು 34 ಎಂಇವಿ ಬರುತ್ತದೆ. ಅಷ್ಟು ಆಳ ಇದ್ದೂ ಹಿಡಿತ 2.22 ಮಾತ್ರ! ಎಳೆತದ ಶಕ್ತಿಯನ್ನು ಕಣಗಳ ಓಡಾಟದ ಶಕ್ತಿ ತಿಂದುಹಾಕುತ್ತದೆ. ಆಳವನ್ನು ಮೂರನೇ ಒಂದು ಪಾಲು ಕಡಿಮೆ ಮಾಡಿದರೆ ಡ್ಯೂಟರಾನೇ ಇರುವುದಿಲ್ಲ. ಸಾಲದ್ದಕ್ಕೆ, ಎರಡರ ಸ್ಪಿನ್ (ಕಣಕ್ಕೆ ತನ್ನಷ್ಟಕ್ಕೇ ಇರುವ, ತಿರುಗುವಿಕೆಯಂಥ ಗುಣ) ಒಂದೇ ಕಡೆಗಿದ್ದರೆ ಮಾತ್ರ ಇವು ಅಂಟಿಕೊಳ್ಳುತ್ತವೆ, ವಿರುದ್ಧ ದಿಕ್ಕಿಗಿದ್ದರೆ ಇಲ್ಲ. ಅಷ್ಟೇ ಅಲ್ಲ, ಡ್ಯೂಟರಾನ್ ದುಂಡಗೂ ಇಲ್ಲ, ಸ್ಪಿನ್ನಿನ ದಿಕ್ಕಿಗೆ ತುಸು ಉದ್ದವಾಗಿದೆ ಅಂತ 1939ರಲ್ಲಿ ಭೌತವಿಜ್ಞಾನಿ ರಾಬಿ ಅವರ ತಂಡ ತೋರಿಸಿತು. ಬರೀ ದೂರ ನೋಡಿ ಎಳೆಯುವ ಬಲದಿಂದ ಹೀಗಾಗಲು ಸಾಧ್ಯವೇ ಇಲ್ಲ. ಕಣಗಳನ್ನು ಸೇರಿಸುವ ಗೆರೆಗೂ ಸ್ಪಿನ್ನಿಗೂ ನಡುವಿನ ಕೋನವನ್ನೂ ಲೆಕ್ಕಕ್ಕೆ ತೆಗೆದುಕೊಳ್ಳುವ ಒಂದು ಬಲ ಬೇಕು, ಅದನ್ನು ಟೆನ್ಸರ್ ಬಲ ಅನ್ನುತ್ತಾರೆ. ಇನ್ನು ಅರ್ಧ ಫರ್ಮಿಗಿಂತ ಹತ್ತಿರ ಹೋದರೆ ಎಳೆಯುವುದು ನಿಂತು ಜೋರಾಗಿ ತಳ್ಳಲು ಶುರು.

ದೂರದಲ್ಲಿ ಪಯಾನ್ ಸಾಕು, ಹತ್ತಿರದಲ್ಲಿ ಏನು ಬರೆಯಬೇಕು? ಮಾಡೆಲ್‌ಗಳು ಬೇರೆಬೇರೆಯಾಗುವುದು ಇಲ್ಲೇ. 1995ರ ಆರ್ಗಾನ್ ವಿ18 ಅನ್ನುವ ಮಾಡೆಲಿನಲ್ಲಿ (ಆರ್ಗಾನ್ ಅಂದರೆ ಇಲ್ಲಿ ಅನಿಲ ಅಲ್ಲ, ಅಮೆರಿಕದ ಒಂದು ಲ್ಯಾಬ್) 18 ಬಗೆಯ ತುಂಡುಗಳಿವೆ, 40 ಪ್ಯಾರಾಮೀಟರ್‌ಗಳನ್ನು ಡಿಕ್ಕಿಯ ಪ್ರಯೋಗಗಳ 4301 ಅಳತೆಗಳಿಗೆ ಹೊಂದಿಸಿದ್ದಾರೆ. 2001ರ ಸಿಡಿ-ಬಾನ್ ಅನ್ನುವ ಮಾಡೆಲ್ ಕೂಡ ಅದೇ ರೀತಿಯ ಅಳತೆಗಳಿಗೆ ಅಷ್ಟೇ ಚೆನ್ನಾಗಿ ಹೊಂದುತ್ತದೆ. ಆದರೆ ಟೆನ್ಸರ್ ಬಲದಿಂದ ಡ್ಯೂಟರಾನಿನಲ್ಲಿ ಸೇರಿಕೊಳ್ಳುವ ಡಿ-ಸ್ಥಿತಿಯ (ಎರಡು ಕಣಗಳು ಒಂದನ್ನೊಂದು ಸುತ್ತುತ್ತಿರುವ ಸ್ಥಿತಿ) ಪಾಲು ಎಷ್ಟು ಅಂತ ಕೇಳಿದರೆ ಮೊದಲನೆಯದು ಶೇ. 5.76 ಅನ್ನುತ್ತದೆ, ಎರಡನೆಯದು ಶೇ. 4.85. ಯಾವುದು ಸರಿ? ಎರಡೂ ಸರಿ, ಯಾಕಂದರೆ ಆ ಪಾಲನ್ನು ಯಾವ ಪ್ರಯೋಗದಲ್ಲೂ ಅಳೆಯಲು ಬರುವುದಿಲ್ಲ. ಪೊಟೆನ್ಶಿಯಲ್ (ಬಲದ ಶಕ್ತಿ ಎಲ್ಲಿ ಎಷ್ಟು ಅಂತ ಹೇಳುವ ಸೂತ್ರ) ಕೂಡ ಹಾಗೇ, ಅದು ಲೆಕ್ಕದ ನಡುವೆ ಬರುವ ವಸ್ತು. ಎಷ್ಟೋ ಪಠ್ಯಪುಸ್ತಕಗಳು ಇದನ್ನು ಹೇಳದೆ ಒಂದು ಗ್ರಾಫ್ ಬರೆದು "ಇದೇ ನ್ಯೂಕ್ಲಿಯರ್ ಬಲ" ಅಂತ ಬಿಟ್ಟುಬಿಡುತ್ತವೆ, ನನಗೆ ಅದೇ ಸಿಟ್ಟು.

ಡ್ಯೂಟರಾನಿಗೆ ಇನ್ನೊಂದು ನ್ಯೂಟ್ರಾನ್ ಸೇರಿಸಿದರೆ ಟ್ರೈಟಾನ್. ಅದರ ಬಂಧಕ ಶಕ್ತಿ (ಪೂರ್ತಿ ಬಿಡಿಸಲು ಬೇಕಾದ ಶಕ್ತಿ) 8.48 ಎಂಇವಿ, ಆರ್ಗಾನ್ ವಿ18 ಕೊಡುವುದು 7.62, ಸಿಡಿ-ಬಾನ್ 8.00. ಎರಡೆರಡೇ ಕಣಗಳ ಬಲವನ್ನು ಕೂಡಿಸಿದರೆ ಸಾಲುತ್ತಿಲ್ಲ. ಒಂದು ಕಣ ಪಯಾನ್ ನುಂಗಿ, ಸ್ವಲ್ಪ ಹೊತ್ತು ಡೆಲ್ಟಾ ಅನ್ನುವ ಭಾರಿ ರೂಪಕ್ಕೆ ಏರಿ, ಇನ್ನೊಂದು ಪಯಾನನ್ನು ಮೂರನೆಯ ಕಣಕ್ಕೆ ದಾಟಿಸುತ್ತದೆ. ಹೀಗೆ ಮೂವರೂ ಒಟ್ಟಿಗೆ ಇದ್ದಾಗ ಮಾತ್ರ ಹುಟ್ಟುವ ಬಲವನ್ನು 1957ರಲ್ಲೇ ಫುಜಿತಾ ಮತ್ತು ಮಿಯಾಜಾವಾ ಬರೆದಿಟ್ಟಿದ್ದರು.

ಈಗ ಜಾಸ್ತಿ ಬಳಕೆಯಲ್ಲಿರುವುದು 1990ರಲ್ಲಿ ಅಮೆರಿಕದ ಭೌತವಿಜ್ಞಾನಿ ವೈನ್‌ಬರ್ಗ್ ತೋರಿಸಿದ ದಾರಿ, ಕೈರಲ್ ಎಫೆಕ್ಟಿವ್ ಫೀಲ್ಡ್ ಥಿಯರಿ. ಪಯಾನಿನ ಕೆಲಸವನ್ನು ಸರಿಯಾಗಿ ಬರೆದು, ಹತ್ತಿರದಲ್ಲಿ ನಡೆಯುವ ಗೊತ್ತಿಲ್ಲದ್ದನ್ನೆಲ್ಲ ಕೆಲವೇ ಅಂಕಿಗಳಲ್ಲಿ ತುಂಬಿಡುತ್ತಾರೆ, ಮಟ್ಟ ಮಟ್ಟವಾಗಿ. ಮೂರು ಕಣಗಳ ಬಲ ಅದೇ ಲೆಕ್ಕದಿಂದ ತಾನಾಗಿ ಬರುತ್ತದೆ, ಬಿಟ್ಟ ಮಟ್ಟಗಳಿಂದ ಎಷ್ಟು ತಪ್ಪಾಗಬಹುದು ಅಂತಲೂ ಅಂದಾಜು ಸಿಗುತ್ತದೆ. ಒಂದನ್ನು ಆರಿಸು ಅಂದರೆ ನಾನು ಇದನ್ನೇ ಆರಿಸುತ್ತೇನೆ, ಪೂರ್ತಿ ನಿಜ ಅಂತ ಅಲ್ಲ, ತನ್ನ ತಪ್ಪಿನ ಅಳತೆಯನ್ನು ತಾನೇ ಹೇಳುತ್ತದೆ ಅಂತ. 2022ರಲ್ಲಿ ಈ ದಾರಿಯಲ್ಲೇ ಸೀಸ-208ರ (ಒಟ್ಟು 208 ಪ್ರೋಟಾನ್ ನ್ಯೂಟ್ರಾನ್‌ಗಳಿರುವ ನ್ಯೂಕ್ಲಿಯಸ್) ತನಕ ಹೋದರು. ಅದರ ನ್ಯೂಟ್ರಾನ್ ಹೊದಿಕೆಯ (ಪ್ರೋಟಾನ್‌ಗಳಿಗಿಂತ ಹೊರಗೆ ಚಾಚಿರುವ ನ್ಯೂಟ್ರಾನ್ ಪದರ) ದಪ್ಪ 0.14ರಿಂದ 0.20 ಫರ್ಮಿ ಬಂತು. ಅದಕ್ಕೂ ಹಿಂದಿನ ವರ್ಷ ಪ್ರಕಟವಾದ ಅಮೆರಿಕದ ಪ್ರಯೋಗ ಅಳೆದದ್ದು 0.283, ಆಚೀಚೆ 0.071. ಎರಡೂ ಒಂದನ್ನೊಂದು ಮುಟ್ಟುವುದಿಲ್ಲ, ಆದರೆ ಥಿಯರಿ ತಪ್ಪು ಅನ್ನುವಷ್ಟು ದೂರವೂ ಇಲ್ಲ.