ಓದುಗರ ಪ್ರಶ್ನೆ: ಮುಟ್ಟಿಗೆ ಮುಂಚಿನ ಎಂಟು ದಿನ

ಪ್ರಶ್ನೆ: ಮುಟ್ಟಿಗೆ ಎಂಟು ದಿನ ಇರುವಾಗಲೇ ಎದೆ (ಸ್ತನ) ಬಿಗಿದು ನೋವು, ಹೊಟ್ಟೆಯುಬ್ಬರ, ಸಣ್ಣ ಮಾತಿಗೂ ಸಿಡುಕು. ಮುಟ್ಟಾಗಿ ಎರಡು ದಿನಕ್ಕೆ ಎಲ್ಲ ಮಾಯ. ಅತ್ತೆ ಪಿತ್ತವೆಂದು ಕಷಾಯ ಕೊಡುತ್ತಾರೆ. ರಕ್ತ, ಥೈರಾಯ್ಡ್ ಪರೀಕ್ಷೆ ನಾರ್ಮಲ್. ಇದು ನನ್ನ ಕಲ್ಪನೆಯೇ?
– 34 ವರ್ಷದ ಗೃಹಿಣಿ, ಶಿರಸಿ

ಉತ್ತರ: ಕಲ್ಪನೆಯಲ್ಲ. ಅಂಡ ಬಿಡುಗಡೆಯಾದ ಮೇಲೆ ಪ್ರೊಜೆಸ್ಟೆರಾನ್ ಏರಿ, ಮುಟ್ಟು ಹತ್ತಿರವಾದಂತೆ ಇಳಿಯುತ್ತದೆ. ಎಲ್ಲರಿಗೂ ಹೀಗೇ, ಕೆಲವರ ಮೆದುಳಿಗೆ ಮಾತ್ರ ಈ ಏರಿಳಿತ ಹೆಚ್ಚು ತಾಗುತ್ತದೆ. ಹಾರ್ಮೋನಿನ ಪ್ರಮಾಣ ಸರಿಯೇ ಇರುವುದರಿಂದ ಪರೀಕ್ಷೆಯಲ್ಲಿ ಏನೂ ಸಿಗುವುದಿಲ್ಲ. ಮುಟ್ಟಿಗೆ ಮುಂಚಿನ ಇಂಥ ತೊಂದರೆಗಳಿಗೆ ಪಿಎಂಎಸ್ ಎನ್ನುತ್ತಾರೆ; ಅದರ ಪತ್ತೆಗೆ ಲ್ಯಾಬಿಗಿಂತ ಗೋಡೆಯ ಕ್ಯಾಲೆಂಡರ್ ವಾಸಿ.

ಸ್ರಾವ ಶುರುವಾದ ದಿನಕ್ಕೆ ಸುತ್ತು ಹಾಕಿ. ದಿನಾ ಮಲಗುವ ಮುನ್ನ ಸಿಡುಕಿಗೆ ‘ಸಿ’, ಉಬ್ಬರಕ್ಕೆ ‘ಉ’, ಎದೆನೋವಿಗೆ ‘ಎ’ ಬರೆದು ಪಕ್ಕದಲ್ಲಿ 0ಯಿಂದ 3ರವರೆಗೆ ಅಂಕಿ ಹಾಕಿ. ‘ಸಿ3 ಉ1 ಎ0’, ಅಷ್ಟೇ. 3 ಎಂದರೆ ಮನೆಗೆಲಸಕ್ಕೇ ಅಡ್ಡಿಯಾದ ದಿನ. ಎರಡು ಚಕ್ರ ಹೀಗೆ ಬರೆಯಿರಿ. ತಿಂಗಳ ಕೊನೆಗೆ ನೆನಪಿನಿಂದ ತುಂಬಿದ್ದು ಲೆಕ್ಕಕ್ಕಿಲ್ಲ. ಹೆಚ್ಚಿನವರು ಒಳ್ಳೆಯ ದಿನ 0 ಹಾಕುವುದನ್ನೇ ಬಿಡುತ್ತಾರೆ, ಆದರೆ ನಮಗೆ ಬೇಕಾದ್ದು ಆ ಸೊನ್ನೆಗಳೇ. ಮುಟ್ಟು ನಿಂತ ನಂತರದ ವಾರವಿಡೀ ಸೊನ್ನೆಯಿದ್ದರೆ ಪಿಎಂಎಸ್. ಆಗಲೂ 2, 3 ಇದ್ದರೆ ಖಿನ್ನತೆಯೋ ಆತಂಕವೋ ನೋಡಿಸಬೇಕು.

ತೊಂದರೆ ತಗ್ಗಲು ಕ್ಯಾಲ್ಸಿಯಂ ಆಹಾರ, ಮಾತ್ರೆ ಎರಡೂ ಸೇರಿ ದಿನಕ್ಕೆ 1,000–1,200 ಮಿ.ಗ್ರಾಂ ಆಗಲಿ. 100 ಗ್ರಾಂ ರಾಗಿಯಲ್ಲಿ ಸುಮಾರು 350, 200 ಮಿ.ಲೀ. ಹಾಲಿನಲ್ಲಿ ಸುಮಾರು 240 ಸಿಗುತ್ತದೆ. ತಂಬುಳಿಯ ನೀರುಮಜ್ಜಿಗೆಯನ್ನು ಹಾಲಿನ ಲೆಕ್ಕಕ್ಕೆ ಹಿಡಿಯಬೇಡಿ! ಕಡಿಮೆ ಬಿದ್ದರೆ 500 ಮಿ.ಗ್ರಾಂ ಮಾತ್ರೆ, ಊಟದ ಜೊತೆ. ಕಬ್ಬಿಣದ ಮಾತ್ರೆಯಿದ್ದರೆ ಎರಡು ತಾಸು ಬಿಟ್ಟು ತೆಗೆದುಕೊಳ್ಳಿ, ಇಲ್ಲದಿದ್ದರೆ ಕಬ್ಬಿಣ ಸರಿಯಾಗಿ ಮೈಗೆ ಹತ್ತುವುದಿಲ್ಲ. ಕಿಡ್ನಿ ಕಲ್ಲಾಗಿದ್ದರೆ ವೈದ್ಯರನ್ನು ಕೇಳದೆ ಬೇಡ. ಗುಣ ಕಾಣಲು ಎರಡು-ಮೂರು ತಿಂಗಳು ಬೇಕು.

ಕಷಾಯಕ್ಕೆ ಅಡ್ಡಿಯಿಲ್ಲ. ಆದರೆ ಆ ವಾರ ಮಿಡಿ ಉಪ್ಪಿನಕಾಯಿ, ಹಪ್ಪಳ ಕಡಿಮೆ ಮಾಡಿ, ಉಬ್ಬರ ತಗ್ಗೀತು. ದಿನಾ 30 ನಿಮಿಷ ಬಿರುಸಾಗಿ ನಡೆಯಿರಿ. ಮಳೆ ಹಿಡಿದರೆ ಜಗಲಿಯಲ್ಲೇ.

ಇಷ್ಟಕ್ಕೂ ‘ಸಿ3’ ಇಳಿಯದಿದ್ದರೆ ಕ್ಯಾಲೆಂಡರ್ ಹಿಡಿದು ಸ್ತ್ರೀರೋಗ ತಜ್ಞರಲ್ಲಿಗೆ ಹೋಗಿ. ಮೆದುಳಿನ ಸೆರೊಟೋನಿನ್ ಎಂಬ ರಾಸಾಯನಿಕಕ್ಕೆ ಸಂಬಂಧಿಸಿದ ಮಾತ್ರೆಗಳಿವೆ. ಖಿನ್ನತೆಗೆ ಅವು ಹತ್ತಲು ವಾರಗಟ್ಟಲೆ ಬೇಕು; ಪಿಎಂಎಸ್‌ಗೆ ಕೆಲವೇ ದಿನಗಳಲ್ಲಿ ಹತ್ತುವುದರಿಂದ ಮುಟ್ಟಿನ ಮುಂಚಿನ ಎರಡು ವಾರ ಮಾತ್ರ ಕೊಡುವುದೂ ಉಂಟು. ಜೀವವೇ ಬೇಡ ಅನ್ನಿಸಿದರೆ ಕಾಯಬೇಡಿ, ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ 14416ಕ್ಕೆ ಫೋನ್ ಮಾಡಿ.

ಪ್ರಶ್ನೆ: ನನಗೂ ಇದೇ ತೊಂದರೆ. ಗರ್ಭಕೋಶ ತೆಗೆಸಿದರೆ ಮುಗಿಯಿತು ಎನ್ನುತ್ತಾರೆ. ಹೌದೇ?
– 42 ವರ್ಷ, ಅಂಕೋಲಾ

ಉತ್ತರ: ಅಲ್ಲ. ಈ ಏರಿಳಿತ ಹುಟ್ಟುವುದು ಅಂಡಾಶಯದಲ್ಲಿ. ಅದನ್ನು ಉಳಿಸಿ ಗರ್ಭಕೋಶ ಮಾತ್ರ ತೆಗೆದರೆ ಸ್ರಾವ ನಿಲ್ಲುತ್ತದೆ, ಸಿಡುಕು ಹಾಗೇ ಬರುತ್ತಿರಬಹುದು. ಯಾವಾಗ ಬರುತ್ತದೆಂದು ಹೇಳುವ ಗುರುತೂ ಹೋಗಿರುತ್ತದೆ.