ಸಾವಿನ ಮನೆಯಲ್ಲಿ ನಾದಾಬನ ಹೆಸರು

ಕ್ರೈಸ್ತ ಕುಟುಂಬಗಳ ಜೊತೆ ಆಪ್ತಸಲಹೆಗೆ ಕೂರುವ ನನಗೆ ಈ ಪ್ರಕರಣ ಬೇರೆ ಬೇರೆ ರೂಪದಲ್ಲಿ ಮತ್ತೆ ಮತ್ತೆ ಎದುರಾಗುತ್ತದೆ. ಮನೆಯಲ್ಲಿ ಸಾವಾಗುತ್ತದೆ. ಯಾರೋ ಬೈಬಲ್ ಹಿಡಿದು ಕಾರಣ ಹೇಳುತ್ತಾರೆ. ಗುರುತು ಸಿಗದಂತೆ ವಿವರ ಬದಲಿಸಿ ಬರೆಯುತ್ತಿದ್ದೇನೆ.

ಆಕೆ ಐವತ್ತು ದಾಟಿದವರು. ಗಂಡನಿಗೆ ಕ್ಯಾನ್ಸರ್ ಇತ್ತು. ಕೊನೆಯ ರಾತ್ರಿ ಅವರು ಕರ್ತನ ರಾತ್ರಿಭೋಜನ, ಅಂದರೆ ಯೇಸುವಿನ ನೆನಪಿಗೆ ಸಭೆಯಲ್ಲಿ ಕೊಡುವ ರೊಟ್ಟಿ ಮತ್ತು ದ್ರಾಕ್ಷಿ ರಸ, ಬೇಕೆಂದು ಕೇಳಿದರು. ಅದನ್ನು ಕೊಡಬೇಕಾದ ಅಯ್ಯನವರು (ಸಭೆಯ ಪಾದ್ರಿ) ಊರಲ್ಲಿರಲಿಲ್ಲ. ಆಕೆಯೇ ಬ್ರೆಡ್ ಮುರಿದು, ದ್ರಾಕ್ಷಿ ರಸ ಕೊಟ್ಟು ಪ್ರಾರ್ಥಿಸಿದರು. ಬೆಳಗಾಗುವಷ್ಟರಲ್ಲಿ ಅವರು ತೀರಿಕೊಂಡರು. ಮಣ್ಣು ಮಾಡಿ ಬಂದ ಮೇಲೆ ನಾದಿನಿ, "ಅತ್ತಿಗೆ, ನಾದಾಬ್ ಅಬೀಹು ಮಾಡಿದ್ದನ್ನೇ ನೀವೂ ಮಾಡಿದ್ರಿ" ಅಂದುಬಿಟ್ಟರು. ಅವರಿಬ್ಬರು ಬೈಬಲಿನಲ್ಲಿ ದೇವರ ಅಪ್ಪಣೆಯಿಲ್ಲದ ಸೇವೆಗೆ ಹೋಗಿ ಸತ್ತ ಯಾಜಕರು (ಪೂಜಾರಿಗಳು). ಆಮೇಲೆ ಆಕೆ ರಾತ್ರಿಭೋಜನಕ್ಕೆ ಎದ್ದು ಹೋಗಲೇ ಇಲ್ಲ.

ಒಂದು ಭೇಟಿಯಲ್ಲಿ ಆಕೆ ಹೇಳಿದರು: "ಮೇಡಂ, ದೇವರು ಹಾಗೆಲ್ಲ ಮಾಡಲ್ಲ ಅಂತ ಮಾತ್ರ ಹೇಳ್ಬೇಡಿ. ಮಾಡಿದ್ದಾನೆ ಅಂತ ಬರೆದಿದೆಯಲ್ಲ."

ಹೌದು, ಬರೆದಿದೆ. ಅದು ಹಳೇ ಕಾಲದ್ದು, ಬಿಟ್ಟುಬಿಡಿ ಎಂದಿದ್ದರೆ ಸುಲಭವಿತ್ತು, ಅಲ್ವಾ? ಆದರೆ ಆಕೆ ಪ್ರಾರ್ಥಿಸುವುದು ಆ ದೇವರನ್ನೇ. ಆತನ ಪರಿಶುದ್ಧತೆಯನ್ನು ಸಣ್ಣದು ಮಾಡಿ ಆಕೆಗೆ ಸಮಾಧಾನ ಕೊಡುವ ಹಕ್ಕು ನನಗಿಲ್ಲ. ಅದಕ್ಕೇ ಇಬ್ಬರೂ ಆ ಕಥೆಯಿರುವ ಬೈಬಲಿನ ಯಾಜಕಕಾಂಡ ಪುಸ್ತಕ ತೆರೆದು ಓದಿದೆವು.

9ನೇ ಅಧ್ಯಾಯದ ಕೊನೆಗೆ ದೇವರ ಸನ್ನಿಧಿಯಿಂದ ಬೆಂಕಿ ಹೊರಟು ಬಲಿಯನ್ನು ದಹಿಸುತ್ತದೆ. ಜನ ಸಂತೋಷದಿಂದ ಕೂಗುತ್ತಾರೆ. 10ರಲ್ಲಿ ಮಹಾಯಾಜಕ ಆರೋನನ ಇಬ್ಬರು ಮಕ್ಕಳಾದ ನಾದಾಬ್ ಮತ್ತು ಅಬೀಹು, ದೇವರು ಅಪ್ಪಣೆ ಕೊಡದ ಬೆಂಕಿಯನ್ನು ಧೂಪದ ಪಾತ್ರೆಯಲ್ಲಿಟ್ಟು ಒಯ್ಯುತ್ತಾರೆ. ಬೆಂಕಿ ಬಂದು ಅವರನ್ನೇ ಸುಡುತ್ತದೆ. ಆರೋನ ಸುಮ್ಮನಿರುತ್ತಾನೆ.

"ಇಲ್ಲಿ ಸತ್ತವರು ಯಾರು?" ಎಂದು ಕೇಳಿದೆ. "ಬೆಂಕಿ ತಂದವರು" ಎಂದರು. "ನಿಮ್ಮನೇಲಿ ರೊಟ್ಟಿ ಕೊಟ್ಟವರು ನೀವು. ಹೋದವರು ಅವರು. ಕಾಯಿಲೆ ಮೊದಲೇ ಇತ್ತು." ಆಕೆ ಏನೂ ಹೇಳಲಿಲ್ಲ. ಮುಂದೆ ಓದಿ ಎಂದೆ.

ಜಾಸ್ತಿ ಜನ ಅಲ್ಲಿಗೇ ನಿಲ್ಲಿಸುತ್ತಾರೆ. ಅದೇ ದಿನ, ಅದೇ ಅಧ್ಯಾಯದಲ್ಲಿ, ಇನ್ನೊಂದು ನಿಯಮ ತಪ್ಪುತ್ತದೆ. ದೋಷಪರಿಹಾರದ ಹೋತದ ಮಾಂಸವನ್ನು ಯಾಜಕರು ಪವಿತ್ರ ಸ್ಥಳದಲ್ಲಿ ತಿನ್ನಬೇಕಿತ್ತು. ಉಳಿದ ಮಕ್ಕಳಾದ ಎಲ್ಲಾಜಾರ್ ಮತ್ತು ಈತಾಮಾರ್ ತಿನ್ನಲಿಲ್ಲ. ಅದನ್ನು ಸುಟ್ಟುಬಿಟ್ಟಿದ್ದರು. ಜನರ ನಾಯಕನೂ ಆರೋನನ ತಮ್ಮನೂ ಆದ ಮೋಶೆ ಸಿಟ್ಟಾಗುತ್ತಾನೆ. ಆಗ ಆರೋನ ಬಾಯಿ ಬಿಡುತ್ತಾನೆ: ಇವತ್ತು ನನಗೆ ಇಂಥದ್ದು ಆಗಿರುವಾಗ ನಾನು ತಿಂದಿದ್ದರೆ ದೇವರಿಗೆ ಮೆಚ್ಚುಗೆಯಾಗುತ್ತಿತ್ತಾ? ಮೋಶೆ ಅದನ್ನು ಒಪ್ಪುತ್ತಾನೆ. ಬೆಂಕಿ ಬರುವುದಿಲ್ಲ.

ಆಕೆ ಆ ಸಾಲುಗಳನ್ನು ಮತ್ತೆ ಓದಿದರು. "ಇದನ್ನ ಯಾರೂ ಹೇಳ್ಲಿಲ್ಲ" ಎಂದು ಅತ್ತರು.

ಬೈಬಲಿನಲ್ಲೇ ಇರುವ, ಹಿಜ್ಕೀಯ ರಾಜನ ಕಾಲದ ಪಸ್ಕ ಹಬ್ಬದ ಕಥೆಯನ್ನೂ ತೋರಿಸಿದೆ. ತುಂಬ ಜನ ಶುದ್ಧಿ ಮಾಡಿಕೊಳ್ಳದೆ, ಬರೆದಿದ್ದಕ್ಕೆ ವಿರುದ್ಧವಾಗಿ ಉಂಡಿದ್ದರು. ರಾಜ ಅವರಿಗಾಗಿ ಪ್ರಾರ್ಥಿಸಿದ. ದೇವರು ಅವರನ್ನು ಗುಣಪಡಿಸಿದ. ನಿಯಮ ತಪ್ಪಿದವರೆಲ್ಲ ಸತ್ತರು ಎಂದು ಬೈಬಲ್ ಹೇಳುವುದಿಲ್ಲ.

ನಾನು ಕೊಟ್ಟ ಸಲಹೆ ಇಷ್ಟೇ: ಅಯ್ಯನವರ ಹತ್ತಿರ ಹೋಗಿ, ಆ ರಾತ್ರಿ ಮಾಡಿದ್ದನ್ನು ಇದ್ದ ಹಾಗೆ ಹೇಳಿ. ಅದು ಸರಿಯೋ ತಪ್ಪೋ ಅನ್ನುವುದನ್ನು ನಿಮ್ಮ ಸಭೆ ಹೇಳಲಿ. ಗಂಡನ ಸಾವನ್ನು ಮಾತ್ರ ಆ ಲೆಕ್ಕಕ್ಕೆ ಸೇರಿಸಬೇಡಿ.

ಇದು ಸಡಿಲ ಸಲಹೆ ಎಂದು ಹಿರಿಯರೊಬ್ಬರು ಬೇಸರಪಟ್ಟರು. ನಾನು ಒಪ್ಪುವುದಿಲ್ಲ. ಆಕೆ ಮಾಡಿದ್ದು ಸರಿ ಎಂದು ನಾನು ಹೇಳಿಲ್ಲ. ದೇವರು ಹೇಳದ ತೀರ್ಪನ್ನು ಆತನ ಹೆಸರಲ್ಲಿ ಕೊಡುವುದೂ ಅಪ್ಪಣೆಯಿಲ್ಲದ ಕೆಲಸವೇ. ಮಾತಾಡುವವರು ಯಾಜಕಕಾಂಡ 10ನೇ ಅಧ್ಯಾಯದ 6ನೇ ವಚನವನ್ನಾದರೂ ಓದಲಿ. ನಿಜಕ್ಕೂ ದೇವರ ಬೆಂಕಿಯಲ್ಲಿ ಸತ್ತ ಆ ಇಬ್ಬರಿಗಾಗಿ ಇಸ್ರಾಯೇಲ್ಯರೆಲ್ಲರೂ ಅಳಲಿ ಎಂದು ಮೋಶೆ ಅಲ್ಲಿ ಹೇಳಿದ್ದಾನೆ.