ಮೀನು ಕಚ್ಚುತ್ತಿಲ್ಲವೇ? ಮೊದಲು ನೀರು ನೋಡಿ, ಆಮೇಲೆ ಡಬ್ಬಿ ತೆಗೆಯಿರಿ

ಈ ಸಲ ಬಂದ ಪ್ರಶ್ನೆಗಳಲ್ಲಿ ಹೆಚ್ಚಿನವು "ಯಾವ ಲೂರ್ ಕೊಳ್ಳಲಿ" ಅಂತಲೇ ಕೇಳಿದ್ದವು. ಲೂರ್ ಅಂದರೆ ಮೀನನ್ನು ಮರುಳು ಮಾಡುವ ನಕಲಿ ಎರೆ. ಉತ್ತರಗಳಲ್ಲಿ ಲೂರ್ ಡಬ್ಬಿಯ ಮಾತು ಕಡಿಮೆ, ನೀರಿನ ಮಾತು ಜಾಸ್ತಿ ಇದೆ. ಬೇಕೆಂದೇ ಹಾಗೆ ಬರೆದಿದ್ದೇನೆ.

ಪ್ರಶ್ನೆ: ಎರೆಹುಳು ಸಿಕ್ಕಿಸಿ ಬೆಂಡು ಬಿಟ್ಟರೆ ಮೀನು ಸಿಗುತ್ತದೆ. ಅದೇ ಕೆರೆಯಲ್ಲಿ ಲೂರ್ ಎಸೆದರೆ ಕೈ ನೋವು ಬಿಟ್ಟು ಬೇರೇನೂ ಸಿಗುವುದಿಲ್ಲ. ತಪ್ಪು ಲೂರಿನದೋ, ನನ್ನದೋ?

ಮೊದಲು ನೋಡಬೇಕಾದ್ದು ಮೀನು ಯಾವುದು ಅಂತ. ಎರೆಹುಳು ತಿನ್ನುವ ಮೀನೆಲ್ಲ ಲೂರ್ ಕಚ್ಚುವುದಿಲ್ಲ. ಗೆಂಡೆ ತಳ ಕೆದಕಿ ತಿನ್ನುವ ಮೀನು. ಸಿಕ್ಕಿದ್ದನ್ನು ಬಾಯಿಗೆ ಹೀರಿಕೊಳ್ಳುತ್ತದೆ, ರುಚಿ ನೋಡುತ್ತದೆ, ಬೇಡವಾದರೆ ಉಗಿಯುತ್ತದೆ. ಅದರ ಮುಂದೆ ಚಮಚದಾಕಾರದ ತಗಡಿನ ಸ್ಪೂನ್ ಲೂರ್ ಎಷ್ಟು ಕುಣಿಸಿದರೂ ಪ್ರಯೋಜನ ಕಡಿಮೆ. ಅದಕ್ಕೆ ಹಿಟ್ಟಿನ ಉಂಡೆ, ಹುಳು, ಜೋಳದ ಕಾಳೇ ಸರಿ. ಕೊರವ, ಸೀಬಾಸ್, ಟ್ರೌಟ್, ಪೈಕ್‌ನಂಥ ಬೇಟೆಗಾರ ಮೀನುಗಳಿಗೆ ಲೂರ್.

ಎರೆ ಮತ್ತು ಲೂರಿಗೆ ಇನ್ನೊಂದು ವ್ಯತ್ಯಾಸ ಇದೆ. ಎರೆಯ ವಾಸನೆ ನೀರಿನಲ್ಲಿ ಹರಡಿ ಮೀನನ್ನು ಕರೆತರುತ್ತದೆ. ನೀವು ಸುಮ್ನೆ ಕೂತಿದ್ದರೂ ಅದು ಕೆಲಸ ಮಾಡುತ್ತಿರುತ್ತದೆ. ಲೂರನ್ನು ಮಾತ್ರ ನೀವೇ ಮೀನಿನ ಮನೆ ಬಾಗಿಲಿಗೆ ಒಯ್ಯಬೇಕು. ಮನೆ ಎಲ್ಲಿ? ಜೊಂಡಿನ ಅಂಚು, ಬಿದ್ದ ಮರದ ನೆರಳು, ಹಳ್ಳ ಬಂದು ಸೇರುವ ಬಾಯಿ, ಆಳ ಥಟ್ಟನೆ ಜಾಸ್ತಿಯಾಗುವ ಗೆರೆ. ಹೊಸಬರು ಬಲ ಇದೆ ಅಂತ ಕೆರೆಯ ನಡುವಿಗೆ ಬೀಸುತ್ತಾರೆ. ಆ ಬಯಲು ನೀರಿನಲ್ಲಿ ಹೆಚ್ಚಿನ ಹೊತ್ತು ಯಾರೂ ಇರುವುದಿಲ್ಲ. ದಡಕ್ಕೆ ಅಡ್ಡಲಾಗಿ ಎಸೆಯುವ ಬದಲು ದಡದ ಉದ್ದಕ್ಕೆ ಎಸೆದು ನೋಡಿ. ಲೂರ್ ಪೂರ್ತಿ ದಾರಿ ಅಂಚಿನಲ್ಲೇ ಬರುತ್ತದೆ.

ಇನ್ನು ಎಳೆಯುವ ರೀತಿ. ಒಂದೇ ವೇಗದಲ್ಲಿ ರೀಲ್ ಸುತ್ತುತ್ತಿದ್ದೀರಿ ಅಂತ ನನ್ನ ಊಹೆ. ಫಿನ್ಲೆಂಡಿನ ಮೀನುಗಾರ ಲೌರಿ ರಾಪಾಲಾ ಸರೋವರದಲ್ಲಿ ಗಮನಿಸಿದ್ದು ಇದನ್ನೇ: ದೊಡ್ಡ ಮೀನು ಮರಿಗಳ ಗುಂಪಿಗೆ ನುಗ್ಗಿದಾಗ ಹಿಡಿಯುವುದು ಗಾಯಗೊಂಡು ಓಲಾಡುವ ಮರಿಯನ್ನು. 1936ರಲ್ಲಿ ಆತ ಬಿರಡೆಯ ಮರದ ತುಂಡು ಕೆತ್ತಿ, ಚಾಕೊಲೇಟಿನ ಬೇಗಡೆ ಕಾಗದ ಸುತ್ತಿ, ಫೋಟೊ ನೆಗೆಟಿವ್ ಕರಗಿಸಿ ಬಳಿದು, ಹಾಗೇ ಓಲಾಡುವ ಲೂರ್ ಮಾಡಿದ. ನಿಮ್ಮ ಲೂರ್ ಆರೋಗ್ಯವಂತ ಮೀನಿನ ಹಾಗೆ ನೆಟ್ಟಗೆ ಈಜಿಕೊಂಡು ಬರುತ್ತಿದ್ದರೆ ಬೆನ್ನಟ್ಟುವ ಶ್ರಮ ಯಾಕೆ ಅಂತ ಬೇಟೆಗಾರ ಮೀನು ಬಿಟ್ಟುಬಿಡಬಹುದು. ನಾಲ್ಕು ಸುತ್ತು ಸುತ್ತಿ, ನಿಲ್ಲಿಸಿ. ರಾಡ್ ತುದಿ ಒಮ್ಮೆ ಅಲುಗಿಸಿ, ಮತ್ತೆ ನಿಲ್ಲಿಸಿ. ಹೆಚ್ಚಿನ ಕಡಿತ ಬರುವುದು ಆ ನಿಲುಗಡೆಯಲ್ಲಿ.

ಮೆತ್ತನೆಯ ರಬ್ಬರ್ ಲೂರ್ ಆದರೆ ಅದು ಮುಳುಗುವಾಗ ಕಣ್ಣು ದಾರದ ಮೇಲಿರಲಿ. ದಾರ ನೀರಿಗೆ ಇಳಿಯುವ ಜಾಗವನ್ನೇ ನೋಡಿ. ಲೂರ್ ಬಿದ್ದ ಕೂಡಲೇ ಮನಸ್ಸಿನಲ್ಲಿ ಎಣಿಸಿ. ಎಂಟಕ್ಕೆ ತಳ ಮುಟ್ಟಿ ದಾರ ಸಡಿಲವಾಯಿತು ಅಂದುಕೊಳ್ಳಿ. ಮುಂದಿನ ಸಲ ಅದೇ ಜಾಗದಲ್ಲಿ ಐದಕ್ಕೇ ದಾರ ಸಡಿಲವಾದರೆ ತಳ ಮೇಲೆದ್ದು ಬಂದಿಲ್ಲ, ಅಲ್ವಾ? ನಡುನೀರಿನಲ್ಲೇ ಮೀನು ಬಾಯಿಗೆ ಹಾಕಿಕೊಂಡಿರಬೇಕು. ಕೈಗೆ ಏನೂ ತಿಳಿದಿರುವುದಿಲ್ಲ. ಸಡಿಲ ಸುತ್ತಿಕೊಂಡು ರಾಡ್ ಎತ್ತಿಬಿಡಿ.

ಪ್ರಶ್ನೆ: ಲೂರಿನ ಬಣ್ಣ ಎಷ್ಟು ಮುಖ್ಯ?

ಅಂಗಡಿಯವರು ಹೇಳುವಷ್ಟಿಲ್ಲ. ಆಳ, ವೇಗ, ಗಾತ್ರ ಮೊದಲು, ಬಣ್ಣ ಆಮೇಲೆ. ತಿಳಿನೀರಿಗೆ ಅಲ್ಲಿನ ಮರಿಮೀನನ್ನು ಹೋಲುವ ಮಂದ ಬಣ್ಣ, ಕೆಂಪಾದ ನೀರಿಗೆ ಎದ್ದು ಕಾಣುವ ಹಳದಿ-ಹಸಿರು ಇಲ್ಲವೇ ಅಚ್ಚ ಕಪ್ಪು. ತೀರಾ ಕದಡಿದ ನೀರಿನಲ್ಲಿ ಕಣ್ಣಿಗಿಂತ ಮೀನಿನ ಪಕ್ಕೆಯ ಉದ್ದಕ್ಕೆ ಇರುವ ಸಂವೇದನೆಯ ಗೆರೆ ಜಾಸ್ತಿ ಕೆಲಸ ಮಾಡುತ್ತದೆ. ಅದು ನೀರಿನ ಕಂಪನ ಹಿಡಿಯುತ್ತದೆ. ಅಲ್ಲಿ ಬಣ್ಣ ಬದಲಿಸುವುದಕ್ಕಿಂತ ಚೆನ್ನಾಗಿ ನಡುಗುವ, ಗಿರಗಿರ ತಿರುಗುವ ಲೂರ್ ಹಾಕಿ. ಒಂದು ಮಾತು: ಕೆಂಪು ಬಣ್ಣ ಆಳದಲ್ಲಿ ಎಲ್ಲಕ್ಕಿಂತ ಮೊದಲು ಮಾಸಿ ಕಪ್ಪಾಗಿ ಕಾಣುತ್ತದೆ. ಕೆಂಪು ಲೂರಿಗೆ ದುಡ್ಡು ಸುರಿಯುವ ಮುಂಚೆ ಇದು ನೆನಪಿರಲಿ.

ಪ್ರಶ್ನೆ: ಅಳಿವೆಯಲ್ಲಿ ಗಾಳ ಹಾಕಲು ಉಬ್ಬರ ಒಳ್ಳೆಯದೋ ಇಳಿತ ಒಳ್ಳೆಯದೋ? ಒಬ್ಬೊಬ್ಬರು ಒಂದೊಂದು ಹೇಳುತ್ತಾರೆ.

ಎಲ್ಲರೂ ಹೇಳುವುದು ಸರಿ, ಅವರವರ ಜಾಗಕ್ಕೆ. ನೀರು ಹರಿಯುತ್ತಿರಬೇಕು, ಅದು ಮುಖ್ಯ. ಹರಿಯುವ ನೀರು ಸೀಗಡಿ, ಮರಿಮೀನುಗಳನ್ನು ಹೊತ್ತು ತರುತ್ತದೆ, ದೊಡ್ಡ ಮೀನು ಒಂದು ಕಡೆ ಕಾದು ನಿಲ್ಲುತ್ತದೆ. ನೀರು ನಿಂತರೆ ಹೋಟೆಲಿನ ಅಡುಗೆಮನೆ ಬಾಗಿಲು ಹಾಕಿದ ಹಾಗೆ.

ಹೆಚ್ಚಿನ ಕರಾವಳಿಗಳಲ್ಲಿ ಒಂದು ಉಬ್ಬರದಿಂದ ಮುಂದಿನ ಉಬ್ಬರಕ್ಕೆ ಸುಮಾರು 12 ಗಂಟೆ 25 ನಿಮಿಷ. ಹಾಗಾಗಿ ಉಬ್ಬರದ ಹೊತ್ತು ದಿನಕ್ಕೆ ಸುಮಾರು 50 ನಿಮಿಷ ಮುಂದೆ ಸರಿಯುತ್ತದೆ. ಕೆಲವು ಕಡೆ ದಿನಕ್ಕೆ ಒಂದೇ ಉಬ್ಬರ ಬರುವುದೂ ಉಂಟು. "ಹೋದ ಭಾನುವಾರ ಏಳು ಗಂಟೆಗೆ ಚೆನ್ನಾಗಿ ಕಚ್ಚಿತು" ಅಂತ ಈ ಭಾನುವಾರವೂ ಏಳಕ್ಕೇ ಹೋಗುತ್ತಾರೆ. ಅಷ್ಟರಲ್ಲಿ ಉಬ್ಬರ ಇದ್ದ ಜಾಗಕ್ಕೆ ಇಳಿತ ಬಂದಿರುತ್ತದೆ. ಗಡಿಯಾರದ ಹೊತ್ತು ಬರೆದಿಡುವ ಬದಲು "ಉಬ್ಬರ ತಿರುಗಿದ ಒಂದೂವರೆ ಗಂಟೆಗೆ" ಅಂತ ಬರೆದಿಡಿ.

ನೀರು ಆರೂ ಗಂಟೆ ಒಂದೇ ವೇಗದಲ್ಲಿ ಇಳಿಯುವುದೂ ಇಲ್ಲ. ನಾವಿಕರ ಹಳೆಯ ಲೆಕ್ಕ ಒಂದಿದೆ. ಇಳಿಯಬೇಕಾದ ಎತ್ತರವನ್ನು ಹನ್ನೆರಡು ಪಾಲು ಮಾಡಿದರೆ ಮೊದಲ ಗಂಟೆಯಲ್ಲಿ 1 ಪಾಲು, ಎರಡನೆಯದರಲ್ಲಿ 2, ಮೂರು ಮತ್ತು ನಾಲ್ಕನೆಯದರಲ್ಲಿ ತಲಾ 3, ಆಮೇಲೆ 2, ಕೊನೆಗೆ 1. ನೀರು ಒಟ್ಟು 2.4 ಮೀಟರ್ ಇಳಿಯುವ ದಿನ ಮೊದಲ ಗಂಟೆಯಲ್ಲಿ ಇಳಿಯುವುದು 20 ಸೆಂ.ಮೀ. ಮಾತ್ರ, ಮೂರನೇ ಗಂಟೆಯಲ್ಲಿ 60 ಸೆಂ.ಮೀ. ಇದು ಅಂದಾಜು ಅಷ್ಟೆ, ಆದರೆ ಗಾಳಗಾರನಿಗೆ ಸಾಕು. ನಡುವಿನ ಎರಡು ಗಂಟೆ ಸೆಳೆತ ಜೋರು, ಹಗುರ ಲೂರ್ ನಿಲ್ಲುವುದಿಲ್ಲ. ಆಗ ಭಾರದ ಜಿಗ್ (ತಲೆಯಲ್ಲಿ ಲೋಹದ ತೂಕವಿರುವ ಲೂರ್) ಹಾಕಿ, ಇಲ್ಲವೇ ಸೇತುವೆ ಕಂಬದ ಹಿಂದಿನ ಶಾಂತ ನೀರಿಗೆ ಹೋಗಿ. ಮೀನೂ ಸೆಳೆತ ತಪ್ಪಿಸಿಕೊಂಡು ಅಲ್ಲೇ ನಿಂತಿರುತ್ತದೆ. ಅಮಾವಾಸ್ಯೆ, ಹುಣ್ಣಿಮೆಯ ಆಸುಪಾಸು ಉಬ್ಬರ-ಇಳಿತದ ಅಂತರ ದೊಡ್ಡದು, ಅರ್ಧ ಚಂದ್ರನ ಹೊತ್ತಿಗೆ ಚಿಕ್ಕದು.

ಈಗ ಜಾಗದ ವಿಚಾರ. ನೀರು ಏರುವಾಗ ಮೀನು ಮ್ಯಾಂಗ್ರೋವ್ ಬೇರುಗಳ ಒಳಗೆ, ಮುಳುಗಿದ ಹುಲ್ಲಿನ ಮೇಲೆ ಮೇಯಲು ಹೋಗುತ್ತದೆ. ಅಲ್ಲಿಗೆ ಲೂರ್ ಎಸೆದರೆ ಬೇರಿಗೇ ಸಿಕ್ಕಿಕೊಳ್ಳುವುದು ಜಾಸ್ತಿ. ನನಗೆ ಇಷ್ಟ ಇಳಿತದ ಮೊದಲ ಭಾಗ. ಕಾಡಿನೊಳಗೆ ಹರಡಿದ್ದ ನೀರೆಲ್ಲ ಸಣ್ಣ ಸಣ್ಣ ಕಾಲುವೆಗಳಲ್ಲಿ ಹೊರಗೆ ಬರಬೇಕು, ಒಳಗಿದ್ದ ಮರಿಗಳೂ ಅದರ ಜೊತೆಗೆ. ಕಾಲುವೆಯ ಬಾಯಿ ನೋಡಿ. ಒಳಗಿನ ಕಂದು ನೀರು, ಹೊರಗಿನ ತಿಳಿನೀರು ಸೇರುವಲ್ಲಿ ಒಂದು ಗೆರೆ ಕಾಣುತ್ತದೆ. ಗೆರೆಯ ಕಂದು ಬದಿಗೆ ಎಸೆದು ಲೂರ್ ತೇಲಿಕೊಂಡು ತಿಳಿಯ ಬದಿಗೆ ದಾಟುವಂತೆ ಬಿಡಿ.

ಎರಡು ಎಚ್ಚರಿಕೆ. ಉಬ್ಬರದ ಪಟ್ಟಿಯಲ್ಲಿರುವ ಹೊತ್ತು ಸಾಮಾನ್ಯವಾಗಿ ಬಂದರಿನದು. ನೀವು ನದಿಯ ಮೇಲಕ್ಕೆ ಹೋದಷ್ಟೂ ಉಬ್ಬರ ತಡವಾಗಿ ತಲುಪುತ್ತದೆ. ಇನ್ನೊಂದು, ಜೋರು ಮಳೆ ಬಂದ ಮೇಲೆ ಮೇಲ್ಪದರದಲ್ಲಿ ಸಿಹಿನೀರು, ಅದರ ಕೆಳಗೆ ಭಾರದ ಉಪ್ಪುನೀರು ಇರುತ್ತದೆ. ಮೇಲೆ ಕೆಸರು ಹರಿಯುತ್ತಿದೆ ಅಂತ ವಾಪಸ್ ಬರಬೇಡಿ, ಒಮ್ಮೆ ತಳದ ಹತ್ತಿರ ಎರೆ ಬಿಟ್ಟು ನೋಡಿ.

ಪ್ರಶ್ನೆ: ವಾಯುಭಾರ ಇಳಿದರೆ ಮೀನು ಕಚ್ಚುವುದಿಲ್ಲವಂತೆ, ನಿಜವೇ?

ಹವಾಮಾನ ಬದಲಾದಾಗ ಮೀನಿನ ವರ್ತನೆ ಬದಲಾಗುತ್ತದೆ, ಸರಿ. ಆದರೆ ಒತ್ತಡವೇ ಕಾರಣ ಅನ್ನುವುದು ಲೆಕ್ಕಕ್ಕೆ ಕೂರುವುದಿಲ್ಲ. ವಾಯುಭಾರ 10 ಹೆಕ್ಟೊಪಾಸ್ಕಲ್ ಇಳಿದರೆ ಅದು ಸುಮಾರು 10 ಸೆಂ.ಮೀ. ನೀರಿನ ಒತ್ತಡಕ್ಕೆ ಸಮ. ಮೀನು ಒಂದು ಗೇಣು ಮೇಲೆ ಕೆಳಗೆ ಹೋದರೆ ಅದಕ್ಕಿಂತ ಜಾಸ್ತಿ ಬದಲಾವಣೆ ಆಗುತ್ತದೆ. ಮೋಡ, ಗಾಳಿ, ನೀರಿನ ಬಿಸಿ ನೋಡಿ ಸಾಕು.

ಪ್ರಶ್ನೆ: ಬ್ರೇಡ್ ದಾರ (ಸಣ್ಣ ಎಳೆಗಳನ್ನು ಹೆಣೆದು ಮಾಡಿದ್ದು) ಹಾಕಿಸಿದೆ. ಮೀನು ಜಗ್ಗಿದಾಗ ಗಂಟಿನಲ್ಲೇ ತುಂಡಾಗುತ್ತಿದೆ. ನೈಲಾನಿಗೇ ಮರಳಲೇ?

ಲೂರಿಗಾದರೆ ಬ್ರೇಡ್ ಬಿಡಬೇಡಿ. ನೈಲಾನ್ ಜಗ್ಗಿದರೆ ಹಿಗ್ಗುತ್ತದೆ, ಬ್ರೇಡ್ ಹಿಗ್ಗುವುದು ತೀರಾ ಕಡಿಮೆ. ದೂರದ ಸಣ್ಣ ತಟ್ಟುವಿಕೆಯೂ ಬೆರಳಿಗೆ ತಿಳಿಯುತ್ತದೆ. ಬೆಂಡು ಕಟ್ಟಿ ಎರೆ ಹಾಕುವವರಿಗೆ ಮಾತ್ರ ನೈಲಾನಿನ ಹಿಗ್ಗುವ ಗುಣವೇ ಅನುಕೂಲ. ಬ್ರೇಡ್ ಕಲ್ಲಿಗೆ, ಚಿಪ್ಪಿಗೆ ಉಜ್ಜಿದರೆ ಬೇಗ ಹರಿಯುತ್ತದೆ. ಆದ್ದರಿಂದ ತುದಿಗೆ ಒಂದು ಮೀಟರಿನಷ್ಟು ಫ್ಲೋರೋಕಾರ್ಬನ್ (ನೈಲಾನಿನಂಥದ್ದೇ ಒಂಟಿ ಎಳೆಯ ದಾರ) ಇಲ್ಲವೇ ದಪ್ಪ ನೈಲಾನ್ ಜೋಡಿಸಿ. ಫ್ಲೋರೋಕಾರ್ಬನ್ ನೀರಿನಲ್ಲಿ ಕಾಣುವುದೇ ಇಲ್ಲ ಅನ್ನುವುದು ಜಾಹೀರಾತಿನ ಮಾತು. ನೈಲಾನಿಗಿಂತ ಸ್ವಲ್ಪ ಕಡಿಮೆ ಕಾಣುತ್ತದೆ, ಅಷ್ಟೆ. ಉಜ್ಜಾಟ ತಡೆಯುತ್ತದೆ ಅಂತ ನಾನು ಬಳಸುತ್ತೇನೆ.

ಗಂಟಿನ ವಿಷಯ. ಬ್ರೇಡ್ ನುಣುಪು, ನೈಲಾನಿಗೆ ಹಾಕುವ ಗಂಟು ಅದರಲ್ಲಿ ಜಾರುತ್ತದೆ. ನೇರವಾಗಿ ಕೊಕ್ಕೆಗೆ ಕಟ್ಟುವುದಾದರೆ ಪಾಲೊಮಾರ್ ಗಂಟು ಕಲಿಯಿರಿ. ಕಣ್ಣು ಮುಚ್ಚಿಕೊಂಡೂ ಹಾಕಬಹುದು. ಯಾವ ಗಂಟೇ ಆಗಲಿ, ಬಿಗಿಯುವ ಮುಂಚೆ ಎಂಜಲು ಹಚ್ಚಿ ಒದ್ದೆ ಮಾಡಿ, ನಿಧಾನ ಎಳೆಯಿರಿ. ಒಣ ದಾರ ರಭಸದಿಂದ ಬಿಗಿದರೆ ಉಜ್ಜಿ ಬಿಸಿಯಾಗಿ ಅಲ್ಲೇ ಸೊರಗುತ್ತದೆ. ಸುರುಳಿಗಳು ಒಂದರ ಪಕ್ಕ ಒಂದು ಕೂತಿವೆಯೇ ನೋಡಿ. ಒಂದರ ಮೇಲೊಂದು ಹತ್ತಿದ್ದರೆ ಕತ್ತರಿಸಿ ಮತ್ತೆ ಹಾಕಿ. ರೀಲಿನ ಡ್ರ್ಯಾಗ್, ಅಂದರೆ ಮೀನು ಜೋರಾಗಿ ಜಗ್ಗಿದಾಗ ದಾರ ಬಿಟ್ಟುಕೊಡುವ ಬ್ರೇಕ್, ಅದನ್ನೂ ಪರೀಕ್ಷಿಸಿ. ದಾರದ ಬಲದ ಕಾಲು ಭಾಗದಿಂದ ಮೂರನೇ ಒಂದು ಭಾಗದೊಳಗೆ ಅದು ಬಿಡಬೇಕು. 10 ಪೌಂಡಿನ ದಾರ ಅಂದರೆ ಸುಮಾರು 4.5 ಕಿಲೊ, ಡ್ರ್ಯಾಗ್ ಒಂದು ಕಿಲೊ ಚಿಲ್ಲರೆಗೆ ಬಿಡಲಿ. ಅಂದಾಜು ಬೇಡ, ತೂಗುವ ಕೊಕ್ಕೆ ತಕ್ಕಡಿ ಸಿಕ್ಕಿಸಿ ಎಳೆದು ನೋಡಿ.

ಪ್ರಶ್ನೆ: ಹಿಡಿದ ಮೀನನ್ನು ವಾಪಸ್ ಬಿಡುತ್ತೇನೆ. ಎರೆ ಹಾಕಿದಾಗ ಕೆಲವು ಗಾಳವನ್ನು ಹೊಟ್ಟೆಗೇ ನುಂಗಿರುತ್ತವೆ. ಹೇಗೆ ಬಿಡಿಸಲಿ?

ಬಿಡಿಸಬೇಡಿ. ಬಾಯಿಯ ಹತ್ತಿರಕ್ಕೆ ದಾರ ಕತ್ತರಿಸಿ ಬಿಟ್ಟುಬಿಡಿ. ಗಂಟಲಿನೊಳಗೆ ಇಕ್ಕಳ ತೂರಿಸಿ ಎಳೆದರೆ ಕಿವಿರು ಹರಿದು ರಕ್ತ ಸೋರುತ್ತದೆ. ದಾರ ಕತ್ತರಿಸಿ ಬಿಟ್ಟ ಮೀನು ಬದುಕುವ ಸಾಧ್ಯತೆ ಅದಕ್ಕಿಂತ ತುಂಬಾ ಜಾಸ್ತಿ. ತುಕ್ಕು ಹಿಡಿಯುವ ಸಾದಾ ಉಕ್ಕಿನ ಗಾಳವೇ ಇರಲಿ, ಸ್ಟೇನ್‌ಲೆಸ್ ಬೇಡ.

ನುಂಗದಂತೆ ತಡೆಯುವುದು ಇನ್ನೂ ಒಳ್ಳೆಯದು. ಎರೆಗೆ ಸರ್ಕಲ್ ಹುಕ್ ಬಳಸಿ. ಅದರ ಮೊನೆ ಗಾಳದ ನೇರ ಕಡ್ಡಿಯ ಕಡೆಗೆ ಬಾಗಿರುತ್ತದೆ. ಮೀನು ನುಂಗಿ ತಿರುಗಿದಾಗ ಗಾಳ ಗಂಟಲಿಂದ ಜಾರಿ ಬಂದು ಬಾಯಿಯ ಮೂಲೆಗೆ ಕಚ್ಚುತ್ತದೆ. ಒಂದೇ ಷರತ್ತು: ರಾಡ್ ಜಗ್ಗಬಾರದು. ಜಗ್ಗಿದರೆ ಮೀನಿನ ಬಾಯಿಂದ ಗಾಳ ಸುಮ್ನೆ ಹೊರಗೆ ಬಂದುಬಿಡುತ್ತದೆ. ಭಾರ ತಿಳಿದಾಗ ರೀಲ್ ಸುತ್ತಿ, ಅಷ್ಟೇ. ಹಳೇ ಅಭ್ಯಾಸದವರಿಗೆ ಕೈ ಕಟ್ಟಿಕೊಂಡಿರುವುದು ಕಷ್ಟ, ಗೊತ್ತು.

ಕೈ ಒದ್ದೆ ಮಾಡಿಕೊಂಡೇ ಮೀನು ಮುಟ್ಟಿ, ಒಣ ಕೈಗೆ ಮೈಯ ಲೋಳೆ ಕಿತ್ತು ಬರುತ್ತದೆ. ಬೇಸಿಗೆಯಲ್ಲಿ ಆಟ ಬೇಗ ಮುಗಿಸಿ. 20 ಡಿಗ್ರಿಯ ಸಿಹಿನೀರು ಲೀಟರಿಗೆ ಸುಮಾರು 9 ಮಿಲಿಗ್ರಾಂ ಆಮ್ಲಜನಕ ಹಿಡಿದಿಟ್ಟುಕೊಳ್ಳಬಲ್ಲದು, 30 ಡಿಗ್ರಿಯಲ್ಲಿ ಏಳೂವರೆ ಮಾತ್ರ. ದಣಿದ ಮೀನಿಗೆ ಉಸಿರೇ ಸಾಲುವುದಿಲ್ಲ.

ಪ್ರಶ್ನೆ: ಕೊರವ ಮೀನು ಕಪ್ಪೆ ಲೂರಿನ ಮೇಲೆ ಧಡ್ ಅಂತ ಬೀಳುತ್ತದೆ, ಎಳೆದರೆ ಬರೀ ಲೂರ್ ಹಾರಿ ಬರುತ್ತದೆ.

ನೀವು ಸದ್ದಿಗೆ ಎಳೆಯುತ್ತಿದ್ದೀರಿ. ಭಾರಕ್ಕೆ ಎಳೆಯಿರಿ. ನೀರು ಸಿಡಿದ ಮೇಲೆ ಒಂದು ಗಳಿಗೆ ತಡೆದು, ದಾರ ಬಿಗಿಯಾಗಿ ಭಾರ ತಿಳಿದ ಮೇಲೆ ಬಲವಾಗಿ ಎತ್ತಿ. ತಪ್ಪಿದರೆ ಲೂರನ್ನು ಅಲ್ಲೇ ಬಿಡಿ, ಮತ್ತೆ ಬರುತ್ತದೆ.

ಆದರೆ ನೀರಿನ ಮೇಲೆ ಕೆಂಪು ಕೆಂಪು ಮರಿಗಳ ಗುಂಪು ಕುದಿಯುತ್ತಿದ್ದರೆ ಅಲ್ಲಿಗೆ ಎಸೆಯಬೇಡಿ. ಕೆಳಗೆ ತಾಯಿ ತಂದೆ ಕಾವಲಿರುತ್ತವೆ. ಅವು ಕಚ್ಚುವುದು ಹಸಿವಿಗಲ್ಲ, ಮರಿ ಕಾಯಲು. ಅವನ್ನು ಎತ್ತಿಕೊಂಡರೆ ಮರಿಗಳು ಬೇರೆ ಮೀನುಗಳ ಪಾಲು.

ಪ್ರಶ್ನೆ: ಒಂದು ಮೀಟರ್ ಉದ್ದದ ಸೀಬಾಸ್ ಸಿಕ್ಕಿತು. ಗೆಳೆಯರು ಬಿಡು ಅಂದರು, ಬಿಟ್ಟೆ. ದೊಡ್ಡದನ್ನೇ ಯಾಕೆ ಬಿಡಬೇಕು?

ಏಷ್ಯನ್ ಸೀಬಾಸ್, ಅಂದರೆ ಬಾರಾಮುಂಡಿ, ಮೊದಲು ಗಂಡಾಗಿ ಬೆಳೆಯುತ್ತದೆ. ಕೆಲವು ವರ್ಷ ಗಂಡಾಗಿ ಮೊಟ್ಟೆಗೆ ಬೀಜ ಕೊಟ್ಟು ಆಮೇಲೆ ಹೆಣ್ಣಾಗುತ್ತದೆ. ಒಂದು ಮೀಟರಿನ ಮೀನು ಬಹುತೇಕ ಹೆಣ್ಣೇ. ಸಿಹಿನೀರಿನಲ್ಲಿ ಬೆಳೆದರೂ ಮೊಟ್ಟೆ ಇಡಲು ಅದು ಅಳಿವೆಯ ಉಪ್ಪುನೀರಿಗೆ ಇಳಿಯಬೇಕು. ದೊಡ್ಡದನ್ನೆಲ್ಲ ಎತ್ತಿದರೆ ಉಳಿಯುವುದು ಗಂಡುಗಳು ಮಾತ್ರ. ಆಸ್ಟ್ರೇಲಿಯಾದ ಕ್ವೀನ್ಸ್‌ಲ್ಯಾಂಡಿನ ನದಿ, ಅಳಿವೆಗಳಲ್ಲಿ 58 ಸೆಂ.ಮೀ.ಗಿಂತ ಚಿಕ್ಕದನ್ನೂ 120 ಸೆಂ.ಮೀ.ಗಿಂತ ದೊಡ್ಡದನ್ನೂ ಇಟ್ಟುಕೊಳ್ಳುವಂತಿಲ್ಲ. ನನ್ನ ಅಭಿಪ್ರಾಯ ಕೇಳಿದರೆ ಮೇಲಿನ ಮಿತಿ ಇನ್ನೂ ಕೆಳಗಿರಬೇಕಿತ್ತು.

ಮುಂದಿನ ಸಲ ಅಂಥದ್ದು ಸಿಕ್ಕರೆ ದವಡೆ ಹಿಡಿದು ನೇತಾಡಿಸಬೇಡಿ. ಹೊಟ್ಟೆಯ ಕೆಳಗೆ ಇನ್ನೊಂದು ಕೈ ಕೊಟ್ಟು ಅಡ್ಡಲಾಗಿ ಹಿಡಿಯಿರಿ, ಸಾಧ್ಯವಾದರೆ ನೀರಿನಲ್ಲೇ. ಕಿವಿರಿನ ಮುಚ್ಚಳದ ಅಂಚು ಬ್ಲೇಡಿನಷ್ಟು ಹರಿತ, ಬೆರಳು ದೂರ ಇರಲಿ.

ಪ್ರಶ್ನೆ: ಮಿಗುವ ಜೀವಂತ ಎರೆಮೀನುಗಳನ್ನು ಅಲ್ಲೇ ನೀರಿಗೆ ಬಿಡಬಹುದೇ?

ಬೇರೆ ನೀರಿನಿಂದ ತಂದಿದ್ದರೆ ಬಿಡಬೇಡಿ, ಅವನ್ನು ತಂದ ನೀರನ್ನೂ ಅಲ್ಲಿ ಚೆಲ್ಲಬೇಡಿ. ಹೊರಗಿನ ಜಾತಿ, ರೋಗ ಎರಡೂ ಹೀಗೇ ಹರಡುತ್ತವೆ. ಎರೆಗೆ ಅದೇ ನೀರಿನ ಮೀನು ಹಿಡಿದು ಬಳಸಿ. ಬಲೆ, ಬಕೆಟ್ಟು, ಬೂಟುಗಳನ್ನು ಇನ್ನೊಂದು ಕೆರೆಗೆ ಒಯ್ಯುವ ಮುಂಚೆ ತೊಳೆದು ಪೂರ್ತಿ ಒಣಗಿಸಿ.